ಮುದ್ದೆ ನುಂಗೋ ಸ್ಪರ್ಧೆ: ಗಂಟಲಲ್ಲಿ ನಡೆಯೋದೇನು?

[ದೃಶ್ಯ: ಬಾಳೆ ಎಲೆ, ಹಬೆಯಾಡೋ ಮುದ್ದೆ, ಬಟ್ಟಲಲ್ಲಿ ಸಾರು]

ನಮಸ್ಕಾರ. ಮಂಡ್ಯ ಕಡೆ ಊರಹಬ್ಬ ಇರ್ಲಿ, ಮೈಸೂರು ದಸರಾದ ಆಹಾರ ಮೇಳ ಇರ್ಲಿ, ಮುದ್ದೆ ನುಂಗೋ ಸ್ಪರ್ಧೆ ಅಂದ್ರೆ ಜನ ಮುಗಿಬೀಳ್ತಾರೆ. ದಪ್ಪ ಆಸಾಮಿನೇ ಗೆಲ್ಲೋದು ಅಂತ ಬಾಜಿ ಕಟ್ಟೋರೇ ಹೆಚ್ಚು. ಆದ್ರೆ ಸ್ಪರ್ಧೆ ಸಾಮಾನ್ಯವಾಗಿ ಇರೋದು ಕೆಲವೇ ನಿಮಿಷ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ಗೊತ್ತಾಗೋಕೆ ಸುಮಾರು 20 ನಿಮಿಷ ಬೇಕು. ಹಾಗಾಗಿ ಬಹಳ ಜನ ಹೊಟ್ಟೆಗಿಂತ ಮೊದಲು ಗಂಟಲಲ್ಲೇ ಸೋಲ್ತಾರೆ.

[ಹತ್ತಿರದಿಂದ: ಮುದ್ದೆ ಮುರಿಯೋ ಬೆರಳು]

ಈ ಕೈ ನೋಡಿ. ಮೊದಲು ಮುದ್ದೆನ ಎರಡು ಹೋಳು ಮಾಡಿ ಹಬೆ ಬಿಡ್ತಿದೆ. ಮೇಲೆ ಆರಿದ್ರೂ ಒಳಗೆ ಕೆಂಡದ ಹಾಗಿರತ್ತೆ, ಹಾಗೇ ನುಂಗಿದ್ರೆ ಅನ್ನನಾಳ ಸುಡತ್ತೆ. ಆಮೇಲೆ ನೆಲ್ಲಿಕಾಯಿ ಗಾತ್ರಕ್ಕೆ ಮುರಿದು, ಸಾರಲ್ಲಿ ಪೂರ್ತಿ ಹೊರಳಿಸಿ, ನುಂಗೋದು. ಅಗಿಯೋಕೆ ಹೋದ್ರೆ ಅಂಗುಳಕ್ಕೆ ಮೆತ್ಕೊಳ್ಳತ್ತೆ. ಸಾರಿನ ವಿಷಯಕ್ಕೆ ಬಂದ್ರೆ, ತುಂಡಿಗೆ ಹಿಡಿದು ನಿಲ್ಲೋ ಮಸ್ಸೊಪ್ಪೇ ವಾಸಿ. ನೀರು ಗುಟುಕು ಗುಟುಕಾಗಿ ಸಾಕು.

[ದೃಶ್ಯ: ತಕ್ಕಡಿ ಮೇಲೆ ಮುದ್ದೆ]

ನಡೆಸೋರಿಗೊಂದು ಮಾತು. ಲೋಟ ಹಿಟ್ಟಿಗೆ ಎರಡು ಲೋಟ ನೀರಿನ ಲೆಕ್ಕದಲ್ಲಿ ಎಲ್ಲರಿಗೂ ಒಂದೇ ಪಾತ್ರೆಯ ಮುದ್ದೆ ಕಟ್ಟಿ, ಪ್ರತಿಯೊಂದನ್ನೂ 250 ಗ್ರಾಂಗೆ ತೂಗಿ. ಒಬ್ಬನಿಗೆ ಗಟ್ಟಿ, ಇನ್ನೊಬ್ಬನಿಗೆ ಮೆತ್ತಗೆ ಆದ್ರೆ ಅದು ಸ್ಪರ್ಧೆನೇ ಅಲ್ಲ. ಗಂಟೆ ಮುಂಚೆ ಕಟ್ಟಿಟ್ರೆ ಮೇಲೆ ಚಕ್ಕೆ ಕಟ್ಟತ್ತೆ. ಕೊನೆಗೆ ಎಲೇಲಿ ಉಳಿದಿದ್ದನ್ನ ತೂಗಿ ಕಳೀರಿ. ಸೀಟಿ ಊದಿದಾಗ ಬಾಯಲ್ಲಿರೋದನ್ನ ಮಾತ್ರ ಲೆಕ್ಕಕ್ಕೆ ಹಿಡೀಲೇಬೇಡಿ. ಹಿಡಿದ್ರೆ ಕೊನೆಯ ಅರ್ಧ ನಿಮಿಷ ಎಲ್ಲರೂ ಬಾಯಿಗೆ ತುರುಕ್ತಾರೆ, ಗಂಟಲಿಗೆ ಸಿಕ್ಕೋದು ಅಲ್ಲೇ.

[ದೃಶ್ಯ: ಪ್ರಥಮ ಚಿಕಿತ್ಸೆಯ ಪ್ರಾತ್ಯಕ್ಷಿಕೆ]

ಯಾರಿಗಾದ್ರೂ ಗಂಟಲಿಗೆ ಸಿಕ್ಕಿ ಕೆಮ್ತಾ ಇದ್ರೆ ಕೆಮ್ಮೋಕೆ ಬಿಡಿ. ಮಾತು, ಕೆಮ್ಮು ಎರಡೂ ನಿಂತು ಕತ್ತು ಹಿಡ್ಕೊಂಡ್ರೆ ಉಸಿರುದಾರಿ ಕಟ್ಟಿದೆ ಅಂತ. ನೀರು ಕುಡಿಸಬೇಡಿ. ಒಬ್ರು 108ಕ್ಕೆ ಫೋನ್ ಮಾಡ್ಲಿ. ಇನ್ನೊಬ್ರು ಅವರನ್ನ ಮುಂದಕ್ಕೆ ಬಗ್ಗಿಸಿ, ಎರಡು ಹೆಗಲಮೂಳೆ ನಡುವೆ ಅಂಗೈ ಬುಡದಿಂದ 5 ಸಲ ಬಲವಾಗಿ ಗುದ್ದಿ. ಬರ್ಲಿಲ್ವಾ? ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ, ಎದೆಮೂಳೆಗಿಂತ ಕೆಳಗೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಹೊರಗೆ ಬರೋವರೆಗೂ ಇವೆರಡನ್ನೂ ಒಂದಾದ ಮೇಲೊಂದು ಮಾಡ್ತಿರಿ. ಪ್ರಜ್ಞೆ ತಪ್ಪಿದ್ರೆ ನೆಲಕ್ಕೆ ಮಲಗಿಸಿ ಎದೆ ಒತ್ತೋಕೆ ಶುರುಮಾಡಿ. ಇದು ಗೊತ್ತಿರೋ ಇಬ್ರು ವೇದಿಕೆ ಪಕ್ಕ ನಿಂತ ಮೇಲೇ ಎಲೆ ಹಾಕಿ.