ಬಾನುಲಿಯ ಖರ್ಚು ಯಾರ ಜೇಬಿನಿಂದ?

ಎಲ್ಲರಿಗೂ ನಮಸ್ಕಾರ. ಇವತ್ತು ಫೆಬ್ರವರಿ 13, ವಿಶ್ವ ರೇಡಿಯೊ ದಿನ. ಊರಿನವರೇ ಊರಿಗಾಗಿ ನಡೆಸುವ ಸಮುದಾಯ ಬಾನುಲಿ ಅಂದರೇನು ಅಂತ ಈ ಸಭೆಗೆ ಹೇಳಬೇಕಿಲ್ಲ, ದಿನಾ ಮೈಕಿನ ಮುಂದೆ ಕೂರುವವರೇ ಇಲ್ಲಿದ್ದೀರಿ. ನೇರವಾಗಿ ದುಡ್ಡಿನ ಮಾತಿಗೆ ಬರುತ್ತೇನೆ. ಖರ್ಚು ಯಾರು ಕೊಡುತ್ತಾರೋ ಕಾರ್ಯಕ್ರಮವೂ ಅವರದೇ ಆಗುತ್ತದೆ. ಅದಕ್ಕೇ ಕೊಡುವವರು ಕೇಳುಗರಾಗಬೇಕು.

ಅಮೆರಿಕದ ಬರ್ಕ್ಲಿಯಲ್ಲಿ ಲೂಯಿಸ್ ಹಿಲ್ ಮತ್ತು ಗೆಳೆಯರು 1949ರ ಏಪ್ರಿಲ್ 15ರಂದು ಕೆಪಿಎಫ್‌ಎ ಎಂಬ ಬಾನುಲಿ ಕೇಂದ್ರ ಶುರುಮಾಡಿದರು. ಜಾಹೀರಾತು ಬೇಡ, ಚಂದಾ ಸಾಕು ಅಂದರು. ಚಂದಾ ಕೊಡುವ ಮನಸ್ಸಿದ್ದವರ ಮನೆಯಲ್ಲಿ ಎಫ್‌ಎಂ ಸೆಟ್ಟೇ ಇಲ್ಲ! ಚಂದಾದಾರರಿಗೆ ಸೆಟ್ಟನ್ನೂ ಕೇಂದ್ರವೇ ಒದಗಿಸಬೇಕಾಯಿತು. 1950ರ ಆಗಸ್ಟ್‌ನಲ್ಲಿ ಕೈ ಖಾಲಿಯಾಗಿ ಪ್ರಸಾರ ನಿಂತಿತು. ಆಮೇಲಿನದು ನನಗೆ ಬಹಳ ಮುಖ್ಯ: ಕೇಳುಗರೇ ಸಭೆ ಸೇರಿ ಹಣ ಕೂಡಿಸಿದರು, 1951ರ ಮೇನಲ್ಲಿ ಮತ್ತೆ ದನಿ ಬಂತು. ಕೇಳಬಲ್ಲವರಲ್ಲಿ ನೂರಕ್ಕೆ 2 ಜನ ಕೊಟ್ಟರೆ ಸಾಕು ಅನ್ನುವುದು ಹಿಲ್ ಅವರ ಲೆಕ್ಕ. ಆ ಕೇಂದ್ರ ಇಂದಿಗೂ ನಡೆಯುತ್ತಿದೆ.

ನಮ್ಮ ಲೆಕ್ಕ ನೋಡೋಣ. 2024ರಿಂದ ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ. ತುಂಬುವುದೆಷ್ಟು ಅಂತ ನಿಮಗೇ ಗೊತ್ತು. ಇನ್ನೊಂದು ದಾರಿ: ವ್ಯಾಪ್ತಿಯಲ್ಲಿ 20,000 ಮನೆ, ತಿಂಗಳ ಖರ್ಚು 60,000 ಅಂತ ಇಟ್ಟುಕೊಳ್ಳಿ. ನೂರಕ್ಕೆ 2 ಅಂದರೆ 400 ಮನೆ. ಮನೆಗೆ 150 ರೂಪಾಯಿ.

ಕೂಲಿಯ ಮನೆಗೆ 150 ಹೆಚ್ಚಾಯಿತು ಅನ್ನುತ್ತೀರಿ. ಸರಿ, 10 ರೂಪಾಯಿ ತೆಗೆದುಕೊಳ್ಳಿ, ಸುಗ್ಗಿಯಲ್ಲಿ ಒಂದು ಸೇರು ರಾಗಿ ತೆಗೆದುಕೊಳ್ಳಿ. ಆದರೆ ತೆಗೆದುಕೊಳ್ಳಿ. ನಮ್ಮಲ್ಲೇ ನೋಡಿ, ಸ್ವಯಂಸೇವಾ ಸಂಸ್ಥೆಗಳಿಗೆ 2006ರವರೆಗೆ ಬಾನುಲಿ ಪರವಾನಗಿಯೇ ಇರಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯ ಸಮುದಾಯ ಬಾನುಲಿ ‘ನಮ್ಮ ಧ್ವನಿ’ ಟಿವಿ ಕೇಬಲ್‌ನಲ್ಲೇ ದನಿ ಹರಿಸಿತು. ಹಿಂದೆ ನಿಂತಿದ್ದು ಮಹಿಳಾ ಸ್ವಸಹಾಯ ಸಂಘಗಳು, ವಾರವಾರ ಉಳಿತಾಯ ಕಟ್ಟುವ ಹೆಂಗಸರು. ಅವರಿಗೆ ಚಂದಾ ಅಂದರೇನು ಅಂತ ನಾವು ಕಲಿಸಬೇಕಿಲ್ಲ.

ತಂತ್ರದ ವಿಚಾರಕ್ಕೂ ಇದೇ ಮಾತು. 50 ವಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಗೋಪುರ, ಮೇಲಿನ ಆಂಟೆನಾದಿಂದ ಟ್ರಾನ್ಸ್‌ಮಿಟರ್ ಕೊಠಡಿವರೆಗೆ ಸೇರಿ 40 ಮೀಟರ್ ಕೇಬಲ್. ಅಗ್ಗಕ್ಕೆ ಆರ್‌ಜಿ-213 ಎಂಬ ಸಾಧಾರಣ ಕೇಬಲ್ ಎಳೆದರೆ ಹತ್ತಿರ ಹತ್ತಿರ ಅರ್ಧ ಶಕ್ತಿ ಕೇಬಲ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಒಳಗೆ ಫೋಮ್ ತುಂಬಿದ ಅರ್ಧ ಇಂಚಿನ ಕೇಬಲ್ ಹಾಕಿದರೆ ಮೇಲಕ್ಕೆ ಸುಮಾರು 40 ವಾಟ್ ತಲುಪುತ್ತದೆ. ಮಳೆಗಾಲದಲ್ಲಿ ಕನೆಕ್ಟರ್‌ಗೆ ನೀರು ಇಳಿದರೆ ಶಕ್ತಿ ವಾಪಸ್ಸು ಬರುತ್ತದೆ, ಟ್ರಾನ್ಸ್‌ಮಿಟರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ಇಳಿಸುತ್ತದೆ. ಸ್ಟುಡಿಯೋದಲ್ಲಿ ಕೂತವರಿಗೆ ಏನೂ ಗೊತ್ತಾಗುವುದಿಲ್ಲ, ಅಂಚಿನ ಹಳ್ಳಿಯಲ್ಲಿ ಬರೀ ಕರಕರ. ಕನೆಕ್ಟರ್ ಸೇರುವ ಜಾಗಕ್ಕೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ, ಕೇಬಲ್ ಒಳಬರುವ ಮುನ್ನ ಕೆಳಕ್ಕೆ ಒಂದು ಬಾಗು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ಹೀಗೆ ವಾಪಸ್ಸು ಬರುವ ಪ್ರತಿಫಲಿತ ಶಕ್ತಿಯ ಅಂಕಿಯನ್ನು ದಿನಾ ಬರೆದಿಡಿ. ಇಷ್ಟೆಲ್ಲ ಮಾಡಿಯೂ ತಪ್ಪಿದರೆ ಮೊದಲು ಫೋನ್ ಬರುವುದು ಚಂದಾ ಕೊಟ್ಟ ಮನೆಯಿಂದ. ಪುಕ್ಕಟೆ ಕೇಳುವವರು ಸುಮ್ಮನೆ ಬೇರೆ ಕೇಂದ್ರ ತಿರುಗಿಸುತ್ತಾರೆ.

ಸಮಯದ ಚೀಟಿ ಬಂತು. ಕಾರ್ಯಕ್ರಮದ ಬಗ್ಗೆ ಇನ್ನೂ ಬಹಳ ಹೇಳುವುದಿತ್ತು, ಎರಡೇ ಮಾತು. ಅರ್ಧದಷ್ಟು ಸ್ಥಳೀಯವಾಗಿರಬೇಕು ಎಂಬ ನಿಯಮವನ್ನು ಊರಿನವರನ್ನು ಸ್ಟುಡಿಯೋಗೆ ಕರೆಸಿ ಪೂರೈಸಬೇಡಿ, ಮೈಕು ಹೊಲಕ್ಕೆ ಹೋಗಲಿ. ಬಾಯಿಂದ ಒಂದು ಗೇಣು ದೂರ ಹಿಡಿಯಿರಿ, ಗಾಳಿಗೆ ಸ್ಪಂಜಿನ ಕವಚ ಹಾಕಿ.

ಹಣ ಕೇಳುವುದನ್ನು ದಿನದ ಕೊನೆಗೆ ತಳ್ಳಬೇಡಿ, ಜನ ಅತಿ ಹೆಚ್ಚು ಕೇಳುವ ಕಾರ್ಯಕ್ರಮದ ನಡುವೆಯೇ ಕೇಳಿ. 10 ರೂಪಾಯಿಗೂ ರಸೀದಿ ಕೊಡಿ. ತಿಂಗಳಿಗೊಮ್ಮೆ ಜಮಾಖರ್ಚನ್ನು ಪ್ರಸಾರದಲ್ಲೇ ಓದಿ, ಕರೆಂಟ್ ಬಿಲ್ಲಿನ ಸಮೇತ.