ಸಂಧಿವಾತ ಇರುವವರ ಹೃದಯದ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬಾರದು, ಮಣಿಕಟ್ಟು ಊದಿರುತ್ತದೆ, ಒದ್ದೆ ಬಟ್ಟೆ ಹಿಂಡುವುದೂ ಕಷ್ಟ. ರುಮಟಾಯ್ಡ್ ಸಂಧಿವಾತ ಇರುವವರಿಗೆ ಇದೆಲ್ಲ ಗೊತ್ತಿರುವುದೇ. ಆದರೆ ಕೀಲನ್ನು ಕೆಡಿಸುವ ಅದೇ ಉರಿಯೂತ ರಕ್ತನಾಳದ ಒಳಪದರವನ್ನೂ ಸದ್ದಿಲ್ಲದೆ ಕೆಡಿಸುತ್ತಿರುತ್ತದೆ. ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಇವರಿಗೆ ಉಳಿದವರ ಸುಮಾರು ಒಂದೂವರೆ ಪಟ್ಟು.

ಈ ಅಪಾಯ ಅಳೆಯುವಾಗ ಮೊದಲು ದಾರಿ ತಪ್ಪಿಸುವುದು ಕೊಲೆಸ್ಟರಾಲ್ ರಿಪೋರ್ಟು. ಕೀಲು ಊದಿ, ರಕ್ತದಲ್ಲಿ ಉರಿಯೂತದ ಅಳತೆಗಳಾದ ಇಎಸ್‌ಆರ್, ಸಿಆರ್‌ಪಿ ಏರಿರುವ ದಿನಗಳಲ್ಲಿ ರಕ್ತ ಕೊಟ್ಟರೆ ಒಟ್ಟು ಕೊಲೆಸ್ಟರಾಲ್, ‘ಕೆಟ್ಟ’ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್, ‘ಒಳ್ಳೆಯ’ದೆನ್ನುವ ಎಚ್‌ಡಿಎಲ್ ಮೂರೂ ತಗ್ಗಿ ಕಾಣುವುದುಂಟು. ‘ನಾರ್ಮಲ್’ ಎಂದು ಆ ಹಾಳೆ ಫೈಲು ಸೇರುತ್ತದೆ. ಅಪಾಯ ಹೆಚ್ಚಿರುವುದು ಆಗಲೇ. ಚಿಕಿತ್ಸೆ ಹಿಡಿದು ಉರಿಯೂತ ಇಳಿದಾಗ ಅಂಕಿಗಳು ಮೇಲೇರುತ್ತವೆ. ಮಾತ್ರೆಯಿಂದಲೇ ಕೊಬ್ಬು ಹೆಚ್ಚಿತೆಂದು ಹೆದರಿ ಸಂಧಿವಾತದ ಔಷಧಿ ಮೆಥೋಟ್ರೆಕ್ಸೇಟ್ ಬಿಡಬೇಡಿ, ಉರಿಯೂತ ಮರಳಿದರೆ ಹೃದಯಕ್ಕೇ ನಷ್ಟ. ಲಿಪಿಡ್ (ಕೊಲೆಸ್ಟರಾಲ್) ಪರೀಕ್ಷೆಯನ್ನು ಕಾಯಿಲೆ ಹತೋಟಿಗೆ ಬಂದು ನಿಂತಾಗ ಮಾಡಿಸಿ. ಇದೇ ಕಾಯಿಲೆಗೆ ಕೊಡುವ ಟೋಸಿಲಿಜುಮ್ಯಾಬ್, ಟೋಫಾಸಿಟಿನಿಬ್ ಔಷಧಿ ಶುರುವಾಗಿದ್ದರೆ 4ರಿಂದ 8 ವಾರಕ್ಕೆ ಇನ್ನೊಮ್ಮೆ ನೋಡಬೇಕು.

ಇನ್ನು ಲೆಕ್ಕ. ವಯಸ್ಸು, ಬೀಡಿ–ಸಿಗರೇಟು, ಬಿಪಿ, ಕೊಲೆಸ್ಟರಾಲ್ ಸೇರಿಸಿ ಮುಂದಿನ 10 ವರ್ಷದ ಅಪಾಯವನ್ನು ವೈದ್ಯರು ಎಣಿಸುತ್ತಾರೆ. ಬಂದ ಅಂಕಿಯನ್ನು 1.5ರಿಂದ ಗುಣಿಸಿ ಎನ್ನುತ್ತದೆ ಯುರೋಪಿನ ವಾತರೋಗ ತಜ್ಞರ ಸಂಘ ಇಯುಲಾರ್. ಶೇ. 8 ಎಂದು ಬಂದದ್ದು ಶೇ. 12 ಆಗುತ್ತದೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೋ ಬೇಡವೋ ಎಂಬ ತೀರ್ಮಾನ ಅಲ್ಲಿಗೇ ಬದಲಾಗಬಹುದು. ಇದೇ ಅಪಾಯ ಎಣಿಸುವ ಬ್ರಿಟನ್ನಿನ ಸೂತ್ರ ಕ್ಯೂರಿಸ್ಕ್‌-3ರಲ್ಲಿ ಮಾತ್ರ ಈ ಕಾಯಿಲೆಗೇ ಬೇರೆ ಕಲಂ ಇದೆ. ಅಲ್ಲಿ ಗುರುತು ಹಾಕಿ ಮತ್ತೆ ಗುಣಿಸಿದರೆ ಒಂದೇ ಅಪಾಯವನ್ನು ಎರಡು ಸಲ ಎಣಿಸಿದಂತೆ.

ಬಿಪಿ ನೋಡುವಾಗಲೂ ಅಷ್ಟೇ ಎಚ್ಚರ ಬೇಕು. ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಸುಮ್ಮನೆ ಕೂರಿಸಿ. ಮೊಣಕೈ ಪೂರ್ತಿ ನೀಡಲಾಗದವರ ಕೈಯನ್ನು ಜಗ್ಗಬಾರದು, ಆ ನೋವಿಗೇ ಬಿಪಿ ಏರುತ್ತದೆ. ಕೈಯಡಿ ದಿಂಬಿಟ್ಟು, ತೋಳಿಗೆ ಸುತ್ತಿದ ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ನೋಡಿಕೊಳ್ಳಿ; ತೋಳು ಕೆಳಗೆ ಜೋತರೆ ಅಂಕಿ ಹೆಚ್ಚು ತೋರಿಸುತ್ತದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ, ಸ್ಟೀರಾಯ್ಡ್, ಸಂಧಿವಾತದ ಇನ್ನೊಂದು ಔಷಧಿ ಲೆಫ್ಲುನೊಮೈಡ್ ಇವೂ ಬಿಪಿ ಏರಿಸುತ್ತವೆ. ಅಂಗಡಿಯಲ್ಲಿ ನೀವೇ ಕೊಂಡು ನುಂಗುವ ಮಾತ್ರೆಯ ಹೆಸರನ್ನೂ ದಯವಿಟ್ಟು ವೈದ್ಯರಿಗೆ ಹೇಳಿ. ಸ್ಟೀರಾಯ್ಡನ್ನು ಮಾತ್ರ ತಟ್ಟನೆ ನಿಲ್ಲಿಸಬೇಡಿ, ಪ್ರಮಾಣವನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ತೆಳ್ಳಗಿದ್ದೇನೆ ಎಂಬ ಸಮಾಧಾನವೂ ಬೇಡ. ಈ ಕಾಯಿಲೆಯಲ್ಲಿ ಸ್ನಾಯು ಕರಗಿ, ಕೊಬ್ಬು ಹಾಗೇ ಉಳಿದು, ತೂಕ ಕಡಿಮೆ ತೋರುವುದುಂಟು. ಟೇಪಿನಲ್ಲಿ ಸೊಂಟ ಅಳೆಯಿರಿ: ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮಿತಿ.

ಈ ತಪಾಸಣೆಯೆಲ್ಲ 5 ವರ್ಷಕ್ಕೊಮ್ಮೆಯಾದರೂ ಆಗಬೇಕು, ಔಷಧಿ ಕ್ರಮ ದೊಡ್ಡದಾಗಿ ಬದಲಾದಾಗಲೂ. ಮಂಡಿನೋವಿಗೆ ಹೆಚ್ಚು ನಡೆಯದವರಿಗೆ, ಮೆಟ್ಟಿಲು ಹತ್ತದವರಿಗೆ ಎದೆನೋವು ಮುನ್ಸೂಚನೆಯಾಗಿ ಕಾಣಿಸದೇ ಹೋಗಬಹುದು. ದವಡೆ, ಎಡಭುಜ ನೋಯತೊಡಗಿ ಜೊತೆಗೆ ಬೆವರು, ಏದುಸಿರು ಬಂದರೆ ಅದು ಕೀಲುನೋವು ಎಂದುಕೊಂಡು ಎಣ್ಣೆ ಹಚ್ಚುತ್ತಾ ಕೂರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.