ತಗಡಿನ ಡಬ್ಬಿಯ ಗೆಳೆಯರು

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನು ನೌಕಾಪಡೆಯವನಲ್ಲ. ನಮ್ಮಣ್ಣ ಇದ್ದ. ಹಳೆಯ ಐಎನ್‌ಎಸ್ ಮೈಸೂರು ಹಡಗಿನ ಬಾಯ್ಲರ್ ರೂಮಿನಲ್ಲಿ ಕೆಲಸ. ರಜೆಗೆ ಊರಿಗೆ ಬಂದಾಗ ನಾವು ಸುತ್ತ ಕೂತು "ಹಡಗು ಹೆಂಗಿರುತ್ತೆ?" ಅಂತ ಕೇಳುತ್ತಿದ್ದೆವು. "ಬಿಸಿ" ಅನ್ನುತ್ತಿದ್ದ. ಅಷ್ಟೇ. ಇನ್ನೊಂದು ಮಾತು ಬರುತ್ತಿರಲಿಲ್ಲ.

ರಿಟೈರ್ ಆಗಿ ಎಷ್ಟೋ ವರ್ಷದ ಮೇಲೆ ಅವನ ಹಡಗಿನವರೇ ಇಬ್ಬರು ಮನೆ ಹುಡುಕಿಕೊಂಡು ಬಂದರು. ಒಬ್ಬರು ಕೇರಳದವರು, ಇನ್ನೊಬ್ಬರು ಬಿಹಾರದವರು. ಅತ್ತಿಗೆ ಮೂರು ಸಲ ಕಾಫಿ ಮಾಡಿದರು. ಅಣ್ಣ ನಮ್ಮ ಹತ್ತಿರ ಜೀವಮಾನದಲ್ಲಿ ಆಡದಷ್ಟು ಮಾತನ್ನು ಆ ಒಂದು ಮಧ್ಯಾಹ್ನ ಆಡಿದ. ಅದೂ ಹಿಂದಿಯಲ್ಲಿ! ನಮಗೆ ಹೇಳದ್ದನ್ನು ಅವರ ಹತ್ತಿರ ಯಾಕೆ ಹೇಳಿದ? ಈ ಪ್ರಶ್ನೆ ಹಿಡಿದುಕೊಂಡೇ ನಾನು ಅಮೆರಿಕದ ಡಿಸ್ಟ್ರಾಯರ್‌ಗಳ ಕಥೆಗೆ ಹೋಗಿ ಬಿದ್ದೆ.

ಡಿಸ್ಟ್ರಾಯರ್‌ಗೆ ನಮ್ಮ ಪತ್ರಿಕೆಗಳಲ್ಲಿ ವಿಧ್ವಂಸಕ ನೌಕೆ ಅಂತ ಬರೆಯುತ್ತಾರೆ. ಹೆಸರು ಕೇಳಿದರೆ ಭಯಂಕರ. ನಿಜದಲ್ಲಿ ಅದು ದೊಡ್ಡ ಹಡಗುಗಳ ಕಾವಲುಗಾರ. ನೂರಾ ಮೂವತ್ತು ವರ್ಷಗಳ ಹಿಂದೆ ಟಾರ್ಪಿಡೊ, ಅಂದರೆ ನೀರಿನೊಳಗೇ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ, ಹೊತ್ತ ಪುಟ್ಟ ದೋಣಿಗಳು ಬಂದು ದೊಡ್ಡ ಯುದ್ಧನೌಕೆಗಳಿಗೆ ಕಾಟ ಕೊಡುತ್ತಿದ್ದವು. ಅವನ್ನು ಓಡಿಸೋಕೆ ಕಟ್ಟಿದ್ದೇ 'ಟಾರ್ಪಿಡೊ ಬೋಟ್ ಡಿಸ್ಟ್ರಾಯರ್'. ಆಮೇಲೆ ಹೆಸರಿನ ಮುಂದಿನ ಭಾಗ ಉದುರಿ ಹೋಯಿತು, ಬಾಲ ಮಾತ್ರ ಉಳಿಯಿತು.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ಫ್ಲೆಚರ್ ವರ್ಗದ 175 ಡಿಸ್ಟ್ರಾಯರ್ ಕಟ್ಟಿದರು. ಒಂದೊಂದರ ಉದ್ದ ಸುಮಾರು 115 ಮೀಟರ್. ಅಗಲ ಎಷ್ಟು ಗೊತ್ತಾ? 12 ಮೀಟರ್. ನಮ್ಮ ಕೆಎಸ್‌ಆರ್‌ಟಿಸಿ ಬಸ್ಸೊಂದನ್ನು ಅಡ್ಡ ನಿಲ್ಲಿಸಿದರೆ ಮುಗಿಯಿತು. ಅದರೊಳಗೆ 60,000 ಅಶ್ವಶಕ್ತಿಯ ಇಂಜಿನ್, ಐದು ತೋಪು, ಹತ್ತು ಟಾರ್ಪಿಡೊ ಕೊಳವೆ, ಇವುಗಳ ಮಧ್ಯೆ ಎಲ್ಲಿ ಸಂದು ಸಿಕ್ಕರೆ ಅಲ್ಲಿ ಸುಮಾರು 300 ಜನ. ಬದಿಯ ಉಕ್ಕು ಅರ್ಧ, ಮುಕ್ಕಾಲು ಇಂಚು. ಅದಕ್ಕೇ ನಾವಿಕರು ಪ್ರೀತಿಯಿಂದ ಇಟ್ಟ ಹೆಸರು 'ಟಿನ್ ಕ್ಯಾನ್'. ತಗಡಿನ ಡಬ್ಬಿ.

ಡಬ್ಬಿಯವರಿಗೆ ಸುಖವೂ ಕಮ್ಮಿ. ಐಸ್‌ಕ್ರೀಮ್ ಮಾಡುವ ಯಂತ್ರ ಸಾಮಾನ್ಯವಾಗಿ ವಿಮಾನವಾಹಕ, ಕ್ರೂಸರ್ (ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧ ಹಡಗು), ಇಂಥ ದೊಡ್ಡ ಹಡಗುಗಳಲ್ಲೇ ಇರುತ್ತಿತ್ತು. ಹಾಗಾಗಿ ಒಂದು ಪದ್ಧತಿ ಬೆಳೆಯಿತು. ಸಮುದ್ರಕ್ಕೆ ಬಿದ್ದ ಪೈಲಟ್‌ನನ್ನು ಡಿಸ್ಟ್ರಾಯರ್ ಎತ್ತಿಕೊಳ್ಳುತ್ತಿತ್ತು. ಅವನನ್ನು ಅವನ ಹಡಗಿಗೆ ವಾಪಸ್ ಕೊಡಬೇಕಾದರೆ ಬದಲಿಗೆ ಡಬ್ಬಗಟ್ಟಲೆ ಐಸ್‌ಕ್ರೀಮ್ ಕಳಿಸಬೇಕು. ಐಸ್‌ಕ್ರೀಮ್ ಬಂದ ಮೇಲೇ ಪೈಲಟ್!

ಇಷ್ಟು ಸಣ್ಣ ಜಾಗದಲ್ಲಿ ಎರಡು ವರ್ಷ ಇದ್ದರೆ ಪಕ್ಕದವನ ಗೊರಕೆಯ ರಾಗ ಗೊತ್ತಿರುತ್ತೆ. ಅವನಿಗೆ ಊರಿಂದ ಕಾಗದ ಬರೋದು ನಿಂತಿದ್ದು ಯಾವಾಗ ಅನ್ನೋದೂ ಗೊತ್ತಿರುತ್ತೆ.

ಈಗ 1944ರ ಅಕ್ಟೋಬರ್ 25ಕ್ಕೆ ಬರೋಣ. ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ಆಚೆಗಿನ ಸಮುದ್ರ. ಆರು ಸಣ್ಣ ವಿಮಾನವಾಹಕಗಳು, ಅವುಗಳ ಕಾವಲಿಗೆ ಮೂರು ಡಿಸ್ಟ್ರಾಯರ್, ನಾಲ್ಕು ಬೆಂಗಾವಲು ಡಿಸ್ಟ್ರಾಯರ್. ಈ ಬೆಂಗಾವಲಿನವು ಇನ್ನೂ ಸಣ್ಣವು, ಡಬ್ಬಿಯ ತಮ್ಮಂದಿರು ಅನ್ನಿ. ಇಡೀ ಗುಂಪಿನ ರೇಡಿಯೊ ಹೆಸರು 'ಟ್ಯಾಫಿ 3'. ಬೆಳಿಗ್ಗೆ ಏಳರ ಹೊತ್ತಿಗೆ ಮೋಡದ ಆಚೆಯಿಂದ ಜಪಾನಿನ ನಾಲ್ಕು ದೊಡ್ಡ ಯುದ್ಧನೌಕೆ, ಎಂಟು ಕ್ರೂಸರ್, ಹನ್ನೊಂದು ಡಿಸ್ಟ್ರಾಯರ್ ಬಂದವು. ಆ ನಾಲ್ಕು ಯುದ್ಧನೌಕೆಗಳಲ್ಲಿ ಯಮಾಟೊ ಒಂದು. ಅದರ ತೋಪಿನ ಒಂದು ಗುಂಡು ಸುಮಾರು 1,460 ಕಿಲೋ. ಈ ಕಡೆಯ ಡಿಸ್ಟ್ರಾಯರ್ ಗುಂಡು 25 ಕಿಲೋ, ಅಂದರೆ ಒಂದು ಅಕ್ಕಿ ಚೀಲ.

ಜಾನ್‌ಸ್ಟನ್ ಅನ್ನೋ ಡಿಸ್ಟ್ರಾಯರ್‌ನ ಕಮಾಂಡರ್ ಅರ್ನೆಸ್ಟ್ ಎವಾನ್ಸ್. ಓಕ್ಲಹೋಮಾದ ಮೂಲನಿವಾಸಿ ವಂಶದವರು. ಹಿಂದಿನ ವರ್ಷ ಹಡಗು ಸೇವೆಗೆ ಸೇರಿದ ದಿನವೇ ಅವರು ಎಲ್ಲರನ್ನೂ ಡೆಕ್ ಮೇಲೆ ಸೇರಿಸಿದ್ದರು. ಇದು ಕಾದಾಡುವ ಹಡಗು, ಅಪಾಯ ಇರುವ ಕಡೆಗೇ ಹೋಗುತ್ತೆ, ಇಷ್ಟ ಇಲ್ಲದವರು ಈಗಲೇ ಇಳಿಯಬಹುದು ಅಂದಿದ್ದರು. ಈಗ ಆ ಮಾತಿಗೆ ತಕ್ಕಂತೆ, ಮೇಲಿನವರ ಅಪ್ಪಣೆಗೂ ಕಾಯದೆ ಶತ್ರುವಿನ ಕಡೆ ಹಡಗು ತಿರುಗಿಸಿದರು. ಟಾರ್ಪಿಡೊ ಬಿಟ್ಟು ಕುಮಾನೊ ಅನ್ನೋ ಕ್ರೂಸರ್‌ನ ಮೂತಿ ಹಾರಿಸಿದರು. ಆಮೇಲೆ ಏಟುಗಳು ಬಿದ್ದವು. ಎವಾನ್ಸ್ ಎಡಗೈಯ ಎರಡು ಬೆರಳು ಹೋದವು. ಚುಕ್ಕಾಣಿ ಯಂತ್ರ ಕೆಟ್ಟಿತು. ಅವರು ಹಡಗಿನ ಹಿಂಭಾಗಕ್ಕೆ ಬಂದು, ತೆರೆದ ಬಾಗಿಲಿನಿಂದ ಕೆಳಗೆ ಕೂಗಿ ಹೇಳುತ್ತಿದ್ದರು, ಕೆಳಗಿದ್ದವರು ಕೈಯಿಂದಲೇ ಚುಕ್ಕಾಣಿ ತಿರುಗಿಸುತ್ತಿದ್ದರು. ಒಟ್ಟು ಕಾದಾಟ ಸುಮಾರು ಎರಡೂವರೆ ಗಂಟೆ ನಡೆಯಿತು.

ಒಂದು ವಿಚಿತ್ರ ನೋಡಿ. ಜಪಾನಿನವರು ಹೊಡೆಯುತ್ತಿದ್ದದ್ದು ದಪ್ಪ ಕವಚ ಸೀಳಿ ಒಳಗೆ ಸಿಡಿಯುವ ಗುಂಡು. ಈ ಹಡಗುಗಳ ತಗಡು ಎಷ್ಟು ತೆಳು ಅಂದರೆ, ಕೆಲವು ಗುಂಡು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಸಿಡಿಯದೇ ಹೊರಟುಹೋದವು. ಡಬ್ಬಿಯಾಗಿದ್ದೇ ಒಂದಿಷ್ಟು ಹೊತ್ತು ಕಾಪಾಡಿತು.

ಒಂದಿಷ್ಟು ಹೊತ್ತು ಮಾತ್ರ. ಜಾನ್‌ಸ್ಟನ್ ಹತ್ತು ಗಂಟೆ ದಾಟಿದ ಮೇಲೆ ಮುಳುಗಿತು. 327 ಜನರಲ್ಲಿ 186 ಮಂದಿ ಸತ್ತರು. ಎವಾನ್ಸ್ ಸಿಗಲೇ ಇಲ್ಲ. ಜೊತೆಯ ಹೋಯಲ್ ಮುಳುಗಿತು. ಬೆಂಗಾವಲಿನ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಕೂಡ ಮುಳುಗಿತು. ಅದು ಸೇವೆಗೆ ಸೇರಿ ಇನ್ನೂ ಆರು ತಿಂಗಳು. ಆದರೆ ಜಪಾನಿನವರು ಎದುರಿಗೆ ದೊಡ್ಡ ಪಡೆಯೇ ಇದೆ ಅಂದುಕೊಂಡು ವಾಪಸ್ ತಿರುಗಿದರು.

ಬದುಕಿದವರು ಎರಡು ದಿನ ನೀರಿನಲ್ಲಿದ್ದರು. ತೆಪ್ಪ ಹಿಡಿದು, ಮೈತುಂಬ ಎಣ್ಣೆ, ಸುತ್ತ ಶಾರ್ಕ್. ಅವರ ಜಾಗವನ್ನು ತಪ್ಪಾಗಿ ತಿಳಿಸಿದ್ದರಿಂದ ಹುಡುಕುವವರು ಬೇರೆ ಕಡೆ ಹುಡುಕುತ್ತಿದ್ದರು. ಆ ಎರಡು ದಿನದಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದರು, ಯಾರ ಕೈ ಜಾರಿತು ಅನ್ನೋದು ತೆಪ್ಪದಲ್ಲಿದ್ದವರಿಗೆ ಮಾತ್ರ ಗೊತ್ತು. ಇದನ್ನು ಊರಿಗೆ ಹೋಗಿ ಊಟದ ಹೊತ್ತಲ್ಲಿ ಹೆಂಡತಿ ಮಕ್ಕಳಿಗೆ ಹೇಳೋದು ಹೇಗೆ? ಹೇಳಲಿಲ್ಲ. ಕೆಲಸಕ್ಕೆ ಸೇರಿದರು, ಮನೆ ಕಟ್ಟಿದರು, ಸುಮ್ಮನಿದ್ದರು.

1976ರಲ್ಲಿ 'ಟಿನ್ ಕ್ಯಾನ್ ಸೇಲರ್ಸ್' ಅನ್ನೋ ಸಂಘ ಹುಟ್ಟಿತು. ಡಿಸ್ಟ್ರಾಯರ್‌ಗಳಲ್ಲಿ ದುಡಿದವರ ಸಂಘ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. 1944ರಲ್ಲಿ ಇಪ್ಪತ್ತು ವರ್ಷ ಆಗಿದ್ದವನಿಗೆ ಆಗ ಐವತ್ತೆರಡು. ಮಕ್ಕಳು ದೊಡ್ಡವರಾಗಿದ್ದಾರೆ, ಹಡಗುಗಳನ್ನು ಒಂದೊಂದಾಗಿ ಗುಜರಿಗೆ ಹಾಕುತ್ತಿದ್ದಾರೆ. ಹಳೆಯ ಗೆಳೆಯರು ನೆನಪಾಗೋದು ಇಂಥ ಹೊತ್ತಲ್ಲೇ ಅಲ್ವಾ?

ಸಂಘದ ಕೆಲಸ ಅಂದರೆ ಭಾಷಣ, ಬಾವುಟ ಅಂದುಕೊಂಡಿದ್ದೆ. ಅಲ್ಲ. ಮೂರು ತಿಂಗಳಿಗೊಂದು ಪತ್ರಿಕೆ ತಂದರು. ಅದರಲ್ಲಿ ಯಾವ ಹಡಗಿನವರು ಎಲ್ಲಿ, ಯಾವತ್ತು ಸೇರುತ್ತಾರೆ ಅನ್ನೋ ಪಟ್ಟಿ. ನನಗೆ ಮುಖ್ಯ ಅನ್ನಿಸೋದು ಈ ಪಟ್ಟಿಯೇ, ಉಳಿದ ಪುಟಗಳು ಆಮೇಲೆ. ಬೇರೆ ಬೇರೆ ರಾಜ್ಯಗಳಲ್ಲಿ ಒಂದು ದಿನದ ಕೂಟ ಇಟ್ಟರು. ಅದಕ್ಕೆ ಅವರು 'ಬುಲ್ ಸೆಷನ್' ಅನ್ನುತ್ತಾರೆ. ನಮ್ಮ ಹರಟೆ ಕಟ್ಟೆಯೇ, ಇನ್ನೇನಿಲ್ಲ. ಚಂದಾ ದುಡ್ಡಿನಲ್ಲಿ ಉಳಿದಿದ್ದನ್ನು ಮ್ಯೂಸಿಯಂ ಆಗಿ ಉಳಿದ ಹಡಗುಗಳ ರಿಪೇರಿಗೆ ಕೊಟ್ಟರು. 'ಫೀಲ್ಡ್ ಡೇ' ಅಂತ ಇಟ್ಟುಕೊಂಡು ತಾವೇ ಹೋಗಿ ತುಕ್ಕು ಕೆರೆದು ಬಣ್ಣ ಬಳಿದರು. ಹದಿನೆಂಟನೇ ವಯಸ್ಸಲ್ಲಿ ಬೈಕೊಂಡು ಮಾಡಿದ ಅದೇ ಕೆಲಸ!

ಈ ನಂಟು ಮುಳುಗಿದ ಹಡಗಿಗೂ ಇರುತ್ತೆ. ರಾಬರ್ಟ್ಸ್ ಹೆಸರನ್ನು ಆಮೇಲೆ ಬೇರೆ ಹಡಗುಗಳಿಗೂ ಇಟ್ಟರು. ಮೂರನೆಯದು 1988ರ ಏಪ್ರಿಲ್ 14ರಂದು ಪರ್ಷಿಯನ್ ಕೊಲ್ಲಿಯಲ್ಲಿ ಮೈನ್‌ಗೆ, ಅಂದರೆ ಹಡಗು ತಾಗಿದರೆ ಸಿಡಿಯಲಿ ಅಂತ ನೀರಿನಲ್ಲಿ ಇಟ್ಟ ಬಾಂಬಿಗೆ, ತಾಗಿತು. ತಳ ಹರಿದು ನೀರು ನುಗ್ಗಿತು, ಬೆಂಕಿ ಎದ್ದಿತು. ಆ ಹಡಗಿನಲ್ಲಿ 1944ರ ನಾವಿಕರ ಹೆಸರು ಕೊರೆದ ಫಲಕ ಒಂದಿತ್ತು. ಬೆಂಕಿ ಆರಿಸಲು ಆ ಕಡೆ ಈ ಕಡೆ ಓಡುವ ಹುಡುಗರು ದಾಟುವಾಗ ಅದನ್ನೊಮ್ಮೆ ಮುಟ್ಟಿ ಹೋಗುತ್ತಿದ್ದರು. ಗುಡಿಯ ಹೊಸ್ತಿಲು ಮುಟ್ಟಿದ ಹಾಗೆ ಅಂತ ನನಗೆ ಅನ್ನಿಸಿತು. ಹಡಗು ಉಳಿಯಿತು. ಒಬ್ಬರೂ ಸಾಯಲಿಲ್ಲ.

ಬೆಂಗಾವಲು ಡಿಸ್ಟ್ರಾಯರ್‌ನವರಿಗೆ ಅವರದೇ ಇನ್ನೊಂದು ಸಂಘ. ಅವರು ಮಾಡಿದ್ದು ಇನ್ನೂ ಹುಚ್ಚು ಕೆಲಸ. 1944ರ ಸ್ಲೇಟರ್ ಅನ್ನೋ ಹಡಗನ್ನು 1951ರಲ್ಲಿ ಗ್ರೀಸ್ ದೇಶಕ್ಕೆ ಕೊಟ್ಟಿದ್ದರು. ಗ್ರೀಕರು ಅದನ್ನು ಏಟೊಸ್ ಅಂತ ಕರೆದು ನಲವತ್ತು ವರ್ಷ ಓಡಿಸಿದರು. ಅದು ನಿವೃತ್ತಿ ಆಗುತ್ತೆ ಅಂತ ಗೊತ್ತಾದಾಗ ಈ ಮುದುಕರು ಚಂದಾ ಎತ್ತಿ, 1993ರಲ್ಲಿ ಅಟ್ಲಾಂಟಿಕ್ ದಾಟಿಸಿ ಎಳೆಸಿಕೊಂಡು ಬಂದರು. 1997ರಿಂದ ಅದು ಆಲ್ಬನಿ ಊರಿನಲ್ಲಿ, ಹಡ್ಸನ್ ನದಿಯಲ್ಲಿದೆ. ಯುದ್ಧದ ಕಾಲದಲ್ಲಿ ಇಂಥವು 563 ಆಗಿದ್ದವು. ಇವತ್ತು ಅಮೆರಿಕದಲ್ಲಿ ನೀರಿನ ಮೇಲೆ ತೇಲುತ್ತಿರೋದು ಅದೊಂದೇ.

ಮಗಳ ಮನೆಗೆ ಹೋಗಿದ್ದಾಗ ಅದನ್ನು ನೋಡಿ ಬಂದೆ. ಎಂಬತ್ತು ದಾಟಿದ ಒಬ್ಬರು ತೋರಿಸುತ್ತಿದ್ದರು. ಕೆಳಗೆ ಮಲಗುವ ಜಾಗಕ್ಕೆ ಕರೆದುಕೊಂಡು ಹೋದರು. ಒಂದರ ಮೇಲೊಂದು ಮೂರು ಬಂಕ್. ನಡುವಿನದ್ದರ ಮೇಲೆ ಕೈಯಿಟ್ಟು "ಇದು ನನ್ನದು" ಅಂದರು. ಈ ಹಡಗಿನಲ್ಲೇ ಇದ್ದಿರಾ ಅಂತ ಕೇಳಿದೆ. "ಇಲ್ಲ, ನಂದು ಬೇರೆ ಹಡಗು. ಅದನ್ನು ಗುಜರಿಗೆ ಹಾಕಿದರು. ಬಂಕ್ ಮಾತ್ರ ಇದೇ." ಹೆಚ್ಚುಕಮ್ಮಿ ಒಂದೇ ಥರ ಕಟ್ಟಿದ ಹಡಗುಗಳು ನೋಡಿ. ಎಲ್ಲಿಂದ ಯಾರೇ ಬಂದರೂ ಅವರವರ ಬಂಕ್ ಅಲ್ಲಿ ಸಿಗುತ್ತೆ.

"ನೀವು ಯಾವ ಹಡಗು?" ಅಂತ ನನ್ನನ್ನೂ ಕೇಳಿದರು. ನಾನಲ್ಲ, ನಮ್ಮಣ್ಣ, ಕ್ರೂಸರ್‌ನಲ್ಲಿದ್ದ ಅಂದೆ. "ಓ, ಐಸ್‌ಕ್ರೀಮ್ ಇದ್ದವರು!" ಅಂತ ಜೋರಾಗಿ ನಕ್ಕರು.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸಮಾರ್, ಯಮಾಟೊ, ಗ್ರೀಸಿನಿಂದ ಎಳೆದು ತಂದಿದ್ದು, ಎಲ್ಲಾ. ಹೂಂ, ಹೂಂ ಅಂತಿದ್ದ. ಆಮೇಲೆ ಕೇಳಿದ:

"ಆ ಮನುಷ್ಯ ಮೇಲೆ ಡೆಕ್ಕಿನಲ್ಲಿದ್ನೋ, ಕೆಳಗೋ?"

"ಕೆಳಗೆ. ಇಂಜಿನ್ ರೂಮಿನಲ್ಲಿದ್ರಂತೆ."

ಸ್ವಲ್ಪ ಹೊತ್ತು ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

"ಅಲ್ಲಿ ಬಿಸಿ ಹೆಂಗಿತ್ತಂತೆ? ಕೇಳಿದ್ಯಾ?"

ಕೇಳಿರಲಿಲ್ಲ.